ಮೊದಲು ಮೇಜರ್ ಮುಗಿಸಬೇಕಾ, ಮೈನರ್ ಆಮೇಲಾ?

ಹೊಸದಾಗಿ ಗಿಟಾರ್ ಕೊಂಡವರು, ಮಕ್ಕಳನ್ನು ಕ್ಲಾಸಿಗೆ ಕರೆತರುವ ಅಪ್ಪ-ಅಮ್ಮಂದಿರು, ತೀರ್ಥಹಳ್ಳಿ ಕಡೆಯಿಂದ ಫೋನ್ ಮಾಡುವ ಕಾಲೇಜು ಹುಡುಗರು, ಎಲ್ಲರೂ ಸುತ್ತಿ ಬಳಸಿ ಇದೊಂದನ್ನೇ ಕೇಳುತ್ತಾರೆ: "ಸರ್, ಮೊದಲು ಮೇಜರ್ ಕಾರ್ಡ್ ಎಲ್ಲಾ ಮುಗಿಸಿಬಿಡ್ಲಾ? ಮೈನರ್ ಆಮೇಲೆ ನೋಡ್ಕೊಂಡ್ರೆ ಆಗುತ್ತಾ?" ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಮೇಜರ್, ಮೈನರ್ ಅದರ ಎರಡು ಬಗೆ, ಇ, ಎ, ಡಿ ಎನ್ನುವವು ಸ್ವರಗಳ ಇಂಗ್ಲಿಷ್ ಹೆಸರು. ಶಿವಮೊಗ್ಗದಲ್ಲಿ ಗಿಟಾರ್ ಹೇಳಿಕೊಡುವುದು ನನ್ನ ಕೆಲಸ. ನಾನು ಎಲ್ಲರಿಗೂ ಹೇಳುವುದು ಒಂದೇ: ಹಾಗೆ ಮಾಡಬೇಡಿ, ಜೋಡಿಯಾಗಿ ಕಲಿಯಿರಿ. ಇ ಮೇಜರ್ ಜೊತೆಗೇ ಇ ಮೈನರ್, ಎ ಮೇಜರ್ ಜೊತೆಗೇ ಎ ಮೈನರ್, ಡಿ ಮೇಜರ್ ಜೊತೆಗೇ ಡಿ ಮೈನರ್.

ಗೋಡೆಗೆ ಅಂಟಿಸುವ ಚಾರ್ಟ್‌ನಲ್ಲಿ ಎ ಯಿಂದ ಜಿ ವರೆಗೆ ಮೇಜರ್‌ಗಳು ಒಂದು ಸಾಲು, ಅವುಗಳ ಕೆಳಗೆ ಮೈನರ್‌ಗಳು ಇನ್ನೊಂದು ಸಾಲು ಇರುತ್ತವೆ. ಆ ಸಾಲು ಹಿಡಿದು ಹೊರಟರೆ ಎರಡನೆಯದಕ್ಕೇ ಬಿ ಮೇಜರ್ ಎದುರಾಗುತ್ತದೆ. ಅದಕ್ಕೆ ಬಾರ್ ಹಿಡಿಯಬೇಕು, ಅಂದರೆ ಒಂದೇ ಬೆರಳನ್ನು ಮಲಗಿಸಿ ಹಲವು ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಹೊಸ ಕೈಗೆ ಅದು ಆಗುವ ಕೆಲಸವಲ್ಲ. ಚಾರ್ಟ್ ಇರುವುದು ಬೇಕಾದಾಗ ಹುಡುಕಿಕೊಳ್ಳಲು. ಕಲಿಯುವ ಕ್ರಮ ಅದರಲ್ಲಿಲ್ಲ.

ಗಿಟಾರ್ ತೊಡೆಯ ಮೇಲಿಟ್ಟುಕೊಂಡೇ ಮುಂದಿನದನ್ನು ಓದಿ. ತೆಳ್ಳನೆಯ ತಂತಿ ಒಂದನೆಯದು, ದಪ್ಪನೆಯದು ಆರನೆಯದು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಇರುವ ಲೋಹದ ಪಟ್ಟಿಗಳೇ ಫ್ರೆಟ್, ತಲೆಯ ಕಡೆಯಿಂದ ಎಣಿಸಬೇಕು. ನಡುಬೆರಳು ಐದನೇ ತಂತಿಯ ಎರಡನೇ ಫ್ರೆಟ್‌ನಲ್ಲಿ, ಉಂಗುರಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ. ಆರೂ ತಂತಿ ಮೀಟಿ. ಅದು ಇ ಮೈನರ್. ಈಗ ಆ ಎರಡು ಬೆರಳನ್ನು ಅಲ್ಲಾಡಿಸದೆ, ತೋರುಬೆರಳನ್ನು ಮೂರನೇ ತಂತಿಯ ಮೊದಲ ಫ್ರೆಟ್‌ನಲ್ಲಿಡಿ. ಮತ್ತೆ ಮೀಟಿ. ಅದು ಇ ಮೇಜರ್. ತೋರುಬೆರಳು ಎತ್ತಿ, ಇಡಿ, ಎತ್ತಿ, ಇಡಿ. ಆರು ತಂತಿಗಳಲ್ಲಿ ಐದು ಇದ್ದ ಹಾಗೇ ಇವೆ, ಒಂದೇ ಒಂದು ಸ್ವರ ಅರ್ಧ ಮೆಟ್ಟಿಲು ಏರಿಳಿಯುತ್ತಿದೆ. ಅಷ್ಟಕ್ಕೇ ಇಡೀ ಗಿಟಾರಿನ ಬಣ್ಣ ಬದಲಾಗುತ್ತದೆ.

ಆ ಒಂದು ಸ್ವರ ಗಾಂಧಾರ, ಅಂದರೆ ಸರಿಗಮದ ಗ. ನಮ್ಮ ಕಡೆ ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿ ವರಸೆ ಹಾಡಿದ ಮಕ್ಕಳು ಬೇಕಾದಷ್ಟಿದ್ದಾರೆ, ಅವರಿಗೆ ಈ ಮಾತು ತಕ್ಷಣ ಹಿಡಿಸುತ್ತದೆ. ಆ ಪಾಠಗಳ ರಾಗವಾದ ಮಾಯಾಮಾಳವಗೌಳದ ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸಿದರೆ ಅದೇ ಮೇಜರ್ ಕಾರ್ಡ್, ಯಾಕೆಂದರೆ ಅಲ್ಲಿರುವುದು ಅಂತರ ಗಾಂಧಾರ. ಅದನ್ನು ಒಂದು ಫ್ರೆಟ್ ಇಳಿಸಿ ಸಾಧಾರಣ ಗಾಂಧಾರ ಮಾಡಿ, ಸ-ಪ ಹಾಗೇ ಬಿಡಿ, ಮೈನರ್ ಆಗುತ್ತದೆ. ಸ ದಿಂದ ಎಣಿಸಿದರೆ ಅಂತರ ಗಾಂಧಾರ ನಾಲ್ಕು ಫ್ರೆಟ್ ಮೇಲೆ, ಸಾಧಾರಣ ಗಾಂಧಾರ ಮೂರು ಫ್ರೆಟ್ ಮೇಲೆ. ಪಂಚಮ, ಅಂದರೆ ಪ, ಎರಡರಲ್ಲೂ ಏಳನೆಯದು.

ಈಗ ಇ ಕಾರ್ಡನ್ನು ದಪ್ಪ ತಂತಿಯಿಂದ ಒಂದೊಂದಾಗಿ ಮೀಟುತ್ತಾ ಬನ್ನಿ: ಸ ಪ ಸ ಗ ಪ ಸ. ಗಾಂಧಾರ ಇರುವುದು ಒಂದೇ ಕಡೆ, ಮೂರನೇ ತಂತಿಯಲ್ಲಿ. ಎ ಕಾರ್ಡಿನಲ್ಲಿ ಆರನೇ ತಂತಿ ಬಿಟ್ಟು ಐದನೆಯದರಿಂದ ಮೀಟಿದರೆ ಸ ಪ ಸ ಗ ಪ, ಗಾಂಧಾರ ಎರಡನೇ ತಂತಿಗೆ ಬಂತು. ಡಿ ಕಾರ್ಡಿನಲ್ಲಿ ನಾಲ್ಕನೆಯದರಿಂದ ಸ ಪ ಸ ಗ, ಗಾಂಧಾರ ಒಂದನೇ ತಂತಿಯಲ್ಲಿ. ಇ, ಎ, ಡಿ ಎಂದು ಹೋದಂತೆ ಗಾಂಧಾರ ಒಂದೊಂದೇ ತಂತಿ ಜರುಗುತ್ತದೆ, ಆ ತಂತಿಯಲ್ಲಿ ಒಂದು ಫ್ರೆಟ್ ಹಿಂದಕ್ಕೆ ಬಂದರೆ ಮೈನರ್ ಸಿಗುತ್ತದೆ. ಇದನ್ನು ಕಂಡುಕೊಂಡ ದಿನ ಕಲಿಯುವವರ ಮುಖದಲ್ಲಿ ಆಗುವ ಸಂತೋಷ ನೋಡುವುದು ನನಗೆ ತುಂಬಾ ಇಷ್ಟ. ಆರು ಕಾರ್ಡ್ ಬಾಯಿಪಾಠ ಮಾಡುವ ಹೊರೆ ಅಲ್ಲಿಗೆ ಇಳಿಯುತ್ತದೆ.

"ಹಾಗಾದ್ರೆ ಸಿ, ಜಿ?" ಎಂದು ಕೇಳುತ್ತಾರೆ. ಅವೆರಡನ್ನು ಮೇಜರ್ ಮಾತ್ರ ಕಲಿಯಿರಿ, ಅದಕ್ಕೂ ಕಾರಣ ಗಾಂಧಾರವೇ. ಸಿ ಯಲ್ಲಿ ಗಾಂಧಾರ ಎರಡು ಕಡೆ ಬರುತ್ತದೆ, ಅದರಲ್ಲೊಂದು ಬೆರಳೇ ಇಡದ ಒಂದನೇ ತಂತಿ. ಜಿ ಯಲ್ಲೂ ಎರಡು ಕಡೆ, ಒಂದು ಬೆರಳಿಡದ ಎರಡನೇ ತಂತಿ. ಬೆರಳಿಡದ ತಂತಿಯ ಸ್ವರವನ್ನು ಇನ್ನೂ ಇಳಿಸುವುದಕ್ಕೆ ಜಾಗವೇ ಇಲ್ಲವಲ್ಲ! ಸಿ ಮೈನರ್, ಜಿ ಮೈನರ್ ಎರಡಕ್ಕೂ ಬಾರ್ ಹಿಡಿಯಬೇಕಾಗುವುದು ಇದರಿಂದಲೇ. ಅವು ಕಾಯಲಿ. ಮೂರು ಜೋಡಿ, ಜೊತೆಗೆ ಸಿ ಮತ್ತು ಜಿ, ಒಟ್ಟು ಎಂಟು ಕಾರ್ಡ್. ಮೊದಮೊದಲಿಗೆ ಇಷ್ಟು ಧಾರಾಳ.

ಮೇಜರ್ ಅಂದರೆ ಖುಷಿ, ಮೈನರ್ ಅಂದರೆ ದುಃಖ ಎಂದು ಹೇಳಿಕೊಡುವುದನ್ನು ನಾನು ಒಪ್ಪುವುದಿಲ್ಲ. ಖರಹರಪ್ರಿಯ ರಾಗದಲ್ಲಿರುವುದು ಸಾಧಾರಣ ಗಾಂಧಾರ. ಅದನ್ನು ಕೇಳಿ ಬೆಳೆದವರು ಯಾರೂ ಅದನ್ನು ಬರೀ ಅಳುವ ರಾಗ ಎನ್ನಲಾರರು.

ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲಾ ಬೆರಳೂ ಎತ್ತಿ ಹೊಸದಾಗಿ ಇಡುವ ಅಭ್ಯಾಸ ಬಹಳ ಜನಕ್ಕಿದೆ, ಹಾಡು ನಿಂತು ನಿಂತು ಹೋಗುವುದು ಅದರಿಂದಲೇ. ಇ ಮೇಜರ್ ಹಿಡಿದ ಕೈಯನ್ನು ಹಾಗೇ ಒಂದು ತಂತಿ ನೆಲದ ಕಡೆಗೆ ಜರುಗಿಸಿ ನೋಡಿ, ಅದೇ ಎ ಮೈನರ್. ಎ ಮೈನರ್‌ನಲ್ಲಿ ಉಂಗುರಬೆರಳೊಂದನ್ನೇ ಎತ್ತಿ ಐದನೇ ತಂತಿಯ ಮೂರನೇ ಫ್ರೆಟ್‌ಗೆ ಒಯ್ಯಿರಿ, ಸಿ ಬಂತು. ಸ್ಟ್ರಮ್ಮಿಂಗ್ ಪ್ಯಾಟರ್ನ್, ಅಂದರೆ ಮೀಟುವ ವರಸೆಯ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ತಾಳಕ್ಕೆ ಒಂದೊಂದು ಸಲ ಕೆಳಕ್ಕೆ ಮೀಟಿದರೆ ಸಾಕು, ಆದರೆ ಬದಲಾವಣೆ ತಾಳ ತಪ್ಪಬಾರದು.

ಬೆರಳ ತುದಿ ಉರಿಯುತ್ತದೆ, ಸಹಜ. ಕ್ರಮೇಣ ಗಟ್ಟಿಯಾಗುತ್ತದೆ. ಆದರೆ ಮಲೆನಾಡಿನಲ್ಲಿ ನೋವಿಗೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಗಿಟಾರಿಗೆ ಶೇಕಡಾ 45ರಿಂದ 55ರ ತೇವಾಂಶ ಹಿತ. ನಮ್ಮ ಜೂನ್-ಜುಲೈ ಗಾಳಿ ಅದಕ್ಕಿಂತ ಎಷ್ಟೋ ಹಸಿ. ಮರ ನೀರು ಹೀರಿ ಮೇಲ್ಹಲಗೆ ಉಬ್ಬುತ್ತದೆ, ತಂತಿಗಳು ಫ್ರೆಟ್‌ನಿಂದ ಮೇಲೇಳುತ್ತವೆ, ಒತ್ತಲು ದುಪ್ಪಟ್ಟು ಬಲ ಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಉತ್ಸಾಹದಿಂದ ಶುರು ಮಾಡಿದ ಆಗುಂಬೆ, ಹೊಸನಗರ ಕಡೆಯ ಮಕ್ಕಳು ಮಳೆಗಾಲದಲ್ಲಿ "ನನ್ನ ಕೈಗೆ ಇದು ಆಗಲ್ಲ" ಎಂದು ಬಿಟ್ಟುಬಿಡುವುದು ನನಗೆ ನಿಜವಾಗಿ ಸಂಕಟದ ವಿಷಯ. ಕೈಯ ತಪ್ಪು ಅಲ್ಲವೇ ಅಲ್ಲ. 12ನೇ ಫ್ರೆಟ್ ಮೇಲೆ ಸ್ಕೇಲ್ ಇಟ್ಟು ನೋಡಿ. ದಪ್ಪ ತಂತಿಯ ಅಡಿ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಸರಿ, ಮೂರು ದಾಟಿದ್ದರೆ ರಿಪೇರಿ ಮಾಡುವವರಿಗೆ ತೋರಿಸಿ. ನುಡಿಸಿಯಾದ ಮೇಲೆ ತಂತಿ ಒರೆಸಿ, ಗಿಟಾರನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕೇಸ್‌ನಲ್ಲಿಡಿ. ಒಣಗಲಿ ಎಂದು ಬಚ್ಚಲೊಲೆಯ ಹತ್ತಿರ ಮಾತ್ರ ಇಡಬೇಡಿ, ಅಂಟು ಬಿಟ್ಟು, ತಂತಿಗಳನ್ನು ಕಟ್ಟಿರುವ ಬ್ರಿಡ್ಜ್ ಕಿತ್ತು ಬರುತ್ತದೆ.

ಇಲ್ಲಿ ಬಹಳ ಮಂದಿ ಗಿಟಾರ್ ಹಿಡಿಯುವುದು ಭಾವಗೀತೆಗೆ. ಶಿವಮೊಗ್ಗ ಸುಬ್ಬಣ್ಣನವರ ಊರಲ್ಲವೇ! ಅಂಥ ಹಾಡಿಗೆ ಮೇಜರ್ ಹಾಕಬೇಕಾ, ಮೈನರ್ ಹಾಕಬೇಕಾ ಎಂದು ಯಾರನ್ನೂ ಕೇಳಬೇಕಿಲ್ಲ. ಸಾಲು ಬಂದು ನಿಲ್ಲುವ ಸ ಹಿಡಿಯಿರಿ, ಆ ಹಾಡಿನ ಗಾಂಧಾರ ಅಲ್ಲಿಂದ ಮೂರನೇ ಫ್ರೆಟ್‌ನದೋ ನಾಲ್ಕನೆಯದೋ ಕೇಳಿಕೊಳ್ಳಿ. ಜೋಡಿಯಾಗಿ ಕಲಿತ ಕಿವಿಗೆ ಇದು ತಾನಾಗಿ ತಿಳಿಯುತ್ತದೆ. ಶ್ರುತಿ ಹೊಂದದಿದ್ದರೆ ಕ್ಯಾಪೊ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿ. ಎರಡನೇ ಫ್ರೆಟ್‌ನಲ್ಲಿ ಹಾಕಿ ಎ ಮೈನರ್ ಹಿಡಿದರೆ ಬಿ ಮೈನರ್ ಸಿಗುತ್ತದೆ.

ಬಾರ್ ಬೇಡುವ ಎಫ್ ಬಂದಾಗ ಹೆದರಿ ನಿಲ್ಲುವುದು ಬೇಡ. ಸಿ ಹಿಡಿದ ಕೈಯಲ್ಲಿ ತೋರುಬೆರಳು ಅಲ್ಲೇ ಇರಲಿ, ನಡುಬೆರಳು ಮತ್ತು ಉಂಗುರಬೆರಳನ್ನು ಅದೇ ಫ್ರೆಟ್‌ಗಳಲ್ಲಿ ಒಂದೊಂದು ತಂತಿ ನೆಲದ ಕಡೆಗೆ ಇಳಿಸಿ, ತೆಳ್ಳನೆಯ ಕಡೆಯ ನಾಲ್ಕು ತಂತಿ ಮಾತ್ರ ಮೀಟಿ. ಇದಕ್ಕೆ ಎಫ್ ಮೇಜರ್ ಸೆವೆನ್ ಎನ್ನುತ್ತಾರೆ. ಬಾರ್ ಕೈಗೆ ಕೂರುವ ತನಕ ಹೆಚ್ಚಿನ ಹಾಡುಗಳಿಗೆ ಎಫ್ ಜಾಗದಲ್ಲಿ ಇದನ್ನೇ ನುಡಿಸಿ.