ಮಿತಿ ಇರೋದು ಕೋರ್ಟಿಗೆ, ರಾಜಿ ಮಾತುಕತೆಗಲ್ಲ

ಮೀಡಿಯೇಶನ್‌ಗೆ ಅಂತ, ಅಂದ್ರೆ ಮಧ್ಯಸ್ಥರನ್ನ ಇಟ್ಕೊಂಡು ರಾಜಿ ಮಾತಾಡೋಕೆ ಅಂತ, ಕೂತಾಗ ಎದುರು ಪಾರ್ಟಿ ವಕೀಲ್ರು "ಕಾನೂನಲ್ಲೇ ಇಷ್ಟಕ್ಕಿಂತ ಜಾಸ್ತಿ ಪರಿಹಾರ ಕೊಡೋಕೆ ಬರಲ್ಲ" ಅಂದ್ಬಿಟ್ರೆ ಸುಮಾರು ಜನ ಅಲ್ಲೇ ತಣ್ಣಗಾಗ್ತಾರೆ. ಆ ಮಾತಲ್ಲಿ ಅರ್ಧ ಮಾತ್ರ ನಿಜ.

ಅಮೆರಿಕದ್ದೇ ತಗೊಳ್ಳಿ, ಅಲ್ಲಿ ಅಂಕಿ ಸಮೇತ ಬರೆದಿಟ್ಟಿದಾರೆ. ಹೆಣ್ಣು ಅಂತಲೋ ಧರ್ಮ ಬೇರೆ ಅಂತಲೋ ಕೆಲಸದಲ್ಲಿ ತಾರತಮ್ಯ ಮಾಡಿದ್ರು ಅಂತ ಟೈಟಲ್ ಸೆವೆನ್ ಅನ್ನೋ ಅಲ್ಲಿನ ಕಾನೂನಿನ ಕೆಳಗೆ ಕೇಸ್ ಗೆದ್ರೆ, ಮನಸ್ಸಿಗಾದ ನೋವು, ಮುಂದಾಗೋ ನಷ್ಟ, ಕಂಪನಿಗೆ ಬುದ್ಧಿ ಕಲಿಸೋಕೆ ಹಾಕೋ ದಂಡ ಎಲ್ಲಾ ಸೇರಿ 15ರಿಂದ 100 ಜನ ಇರೋ ಕಂಪನಿ ಆದ್ರೆ 50,000 ಡಾಲರ್, 500ಕ್ಕಿಂತ ಜಾಸ್ತಿ ಜನ ಇದ್ರೆ 3 ಲಕ್ಷ ಡಾಲರ್, ಅಷ್ಟೇ. 1991ರಲ್ಲಿ ಹಾಕಿದ ಲೆಕ್ಕ, ಇನ್ನೂ ಅದೇ ನಡೀತಿದೆ (ಆಮೇಲೆ ಬೆಲೆ ಏರಿದ್ದು ಯಾರಿಗೂ ಕಾಣ್ಲಿಲ್ವೇನೋ). ಜ್ಯೂರಿಗೆ (ತೀರ್ಪು ಹೇಳೋಕೆ ಕೋರ್ಟ್ ಕೂರಿಸೋ ಸಾಮಾನ್ಯ ಜನರಿಗೆ) ಈ ಮಿತಿ ವಿಷಯ ಹೇಳೋ ಹಾಗೂ ಇಲ್ಲ, ಅವರು ದೊಡ್ಡ ಮೊತ್ತ ಬರೀತಾರೆ, ಆಮೇಲೆ ಜಡ್ಜ್ ಕತ್ತರಿಸ್ತಾರೆ.

ಆದ್ರೆ ಕೆಲಸ ಹೋದಾಗಿಂದ ಬರಬೇಕಿದ್ದ ಸಂಬಳ ಈ ಮಿತಿಯೊಳಗೆ ಸೇರಲ್ಲ, ವಕೀಲರ ಫೀಸೂ ಸೇರಲ್ಲ. ಜನಾಂಗದ ಕಾರಣಕ್ಕೆ ಆದ ತಾರತಮ್ಯಕ್ಕಂತೂ 1866ರ ಇನ್ನೊಂದು ಕಾನೂನಿದೆ, ಅದ್ರಲ್ಲಿ ಮಿತಿನೇ ಇಲ್ಲ. ಹಾಗಾಗಿ "ಮಿತಿ ಇಷ್ಟು" ಅಂದಾಗ ಯಾವುದಕ್ಕೆ ಮಿತಿ ಅಂತ ಮೊದಲು ಕೇಳ್ಬೇಕು.

ಇನ್ನೊಂದು, ಈ ಮಿತಿ ಕಟ್ಟಿಹಾಕೋದು ಕೋರ್ಟ್ ತೀರ್ಪನ್ನ. ಮೀಡಿಯೇಶನ್‌ನಲ್ಲಿ ಮೊತ್ತ ತೀರ್ಮಾನ ಮಾಡೋದು ಮೀಡಿಯೇಟರ್ ಅಲ್ಲ, ಇಬ್ಬರೂ ಒಪ್ಪಿ ಸೈನ್ ಹಾಕೋ ಕರಾರು ಅದು, ಕಂಪನಿಗೆ ಮನಸ್ಸಿದ್ರೆ ಮಿತಿಗಿಂತ ಜಾಸ್ತಿನೂ ಕೊಡಬಹುದು. ಯಾಕೆ ಕೊಡ್ತಾರೆ ಅಂದ್ರೆ ವಿಷಯ ಪೇಪರ್‌ಗೆ ಬರೋದು ಬೇಡ, ವರ್ಷಗಟ್ಟಲೆ ವಕೀಲರಿಗೆ ಸುರಿಯೋದು ಬೇಡ ಅಂತ. ಕೋರ್ಟಲ್ಲಿ ಸಿಗೋದು ಕಷ್ಟ ಅನ್ನೋ ಕ್ಷಮಾಪಣೆ ಪತ್ರ, ಒಳ್ಳೆ ರೆಫರೆನ್ಸ್ ಲೆಟರ್ ಕೂಡ ಇಲ್ಲಿ ಕೇಳಬಹುದು. ಹಾಗಂತ ಮಿತಿಗೆ ಬೆಲೆನೇ ಇಲ್ಲ ಅಂತಲ್ಲ, ಕೋರ್ಟಿಗೆ ಹೋದ್ರೆ ಜಾಸ್ತಿ ಅಂದ್ರೆ ಎಷ್ಟಾಗುತ್ತೆ ಅನ್ನೋದು ಆ ಕಡೆಯವರ ತಲೇಲಿ ಇದ್ದೇ ಇರುತ್ತೆ, ಚೌಕಾಸಿ ಅದ್ರ ಸುತ್ತಾನೇ ಸುತ್ತುತ್ತೆ.

ನನ್ ಪ್ರಕಾರ ಕಾನೂನಿನ ಮಿತಿಗಿಂತ ಜಾಸ್ತಿ ಕಾಡೋದು ಇಂಥ ಕೇಸಿಗೆ ಅಂತ ಕಂಪನಿ ಮಾಡಿಸಿರೋ ಇನ್ಶೂರೆನ್ಸ್ ಪಾಲಿಸಿ ಮಿತಿ, ಮತ್ತೆ ಎದುರಿಗೆ ಕೂತಿರೋ ಆಫೀಸರ್‌ಗೆ ಎಷ್ಟರ ತನಕ ಒಪ್ಪೋ ಅಧಿಕಾರ ಇದೆ ಅನ್ನೋದು. ಅಧಿಕಾರ ಇಲ್ದೋರ ಜೊತೆ ಸಂಜೆ ತನಕ ಚೌಕಾಸಿ ಮಾಡಿ ಕೊನೆಗೆ "ಹೆಡ್ ಆಫೀಸ್ ಕೇಳಿ ಹೇಳ್ತೀವಿ" ಅನ್ನಿಸ್ಕೊಳ್ಳೋ ಬದಲು, ಇದನ್ನ ಶುರುವಲ್ಲೇ ಮೀಡಿಯೇಟರ್ ಮೂಲಕ ಕೇಳ್ಸಿ.