ಹಿತ್ತಿಲಲ್ಲಿ ಮೂರು ಸಾಲು ಉರುಳಗಡ್ಡೆ

ಹೋದ ಫೆಬ್ರವರಿಯಲ್ಲಿ ಮೈಸೂರಿನ ನಮ್ಮ ಮನೆ ಹಿತ್ತಿಲಲ್ಲಿ 11 ಕೆಜಿ ಉರುಳಗಡ್ಡೆ ಕಿತ್ತೆವು. ಎಂಟಡಿ ಉದ್ದ, ಆರಡಿ ಅಗಲದ ಮಡಿ. ಮೂರು ಸಾಲು, ಮೂವತ್ತು ಗಿಡ. ಅಷ್ಟಕ್ಕೇ ನನಗಾದ ಸಂತೋಷ ಹೇಳತೀರದು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಹಾಸನದ ದುದ್ದದ ಕಡೆ ಹಳ್ಳಿಯವಳು. ಪುಸ್ತಕದಲ್ಲಿ ಆಲೂಗಡ್ಡೆ, ಕರಾವಳಿಯಲ್ಲಿ ಬಟಾಟೆ. ನಮಗೆ ಮಾತ್ರ ಉರುಳಗಡ್ಡೆ. ಮೇ ತಿಂಗಳು ಬಂತು ಅಂದರೆ ಅಪ್ಪ ಹಾಸನದ ಎಪಿಎಂಸಿಗೆ ಹೋಗಿ ಬಿತ್ತನೆ ಗಡ್ಡೆ ತರುತ್ತಿದ್ದರು. ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬಂದ 50 ಕೆಜಿ ಮೂಟೆಗಳು. ನಮ್ಮ ಒಂದೆಕರೆಗೆ ಹತ್ತು ಹನ್ನೆರಡು ಮೂಟೆ ಬೇಕಾಗುತ್ತಿತ್ತು. ಅವ್ವ, ದೊಡ್ಡವ್ವ, ಅಕ್ಕಪಕ್ಕದ ಮನೆ ಹೆಂಗಸರು ಜಗಲಿ ಮೇಲೆ ಸುತ್ತ ಕೂತು ಗಡ್ಡೆ ಕತ್ತರಿಸುತ್ತಿದ್ದರು. ಪ್ರತಿ ಹೋಳಿಗೂ ಮೊಳಕೆ ಒಡೆಯುವ ಕಣ್ಣು ಎರಡಾದರೂ ಇರಬೇಕು. ಕಣ್ಣಿಲ್ಲದ ಹೋಳು ಸಿಕ್ಕರೆ ಅವ್ವ ಅದನ್ನು ತೆಗೆದು ಸಾರಿಗೆ ಇಡುತ್ತಿದ್ದಳು.

ತಳಿಯ ಹೆಸರು ಜ್ಯೋತಿ. ಪೂರ್ತಿ ಹೆಸರು ಕುಫ್ರಿ ಜ್ಯೋತಿ. ಕುಫ್ರಿ ಅಂದರೆ ಶಿಮ್ಲಾ ಹತ್ತಿರದ ಒಂದು ಊರು. ಶಿಮ್ಲಾದಲ್ಲಿರುವ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡುವ ತಳಿಗಳಿಗೆಲ್ಲ ಆ ಊರಿನ ಹೆಸರೇ ಮುಂದೆ ಸೇರುತ್ತದೆ. ಜ್ಯೋತಿ ಬಂದದ್ದು 1968ರಲ್ಲಿ. ಬಂದ ಹೊಸದರಲ್ಲಿ ಅದಕ್ಕೆ ಅಂಗಮಾರಿ ರೋಗವನ್ನು ತಡೆಯುವ ಶಕ್ತಿ ಇತ್ತು. ಆಮೇಲೆ ಆ ಶಕ್ತಿ ಕುಂದಿತು. ಅದು ಎಷ್ಟರಮಟ್ಟಿಗೆ ಕುಂದಿತ್ತು ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾನು ಪಿಯುಸಿ ಓದುತ್ತಿದ್ದ ವರ್ಷ ಜುಲೈ ಕೊನೆಯಲ್ಲಿ ಒಂದು ವಾರ ಬಿಸಿಲೇ ಕಾಣಲಿಲ್ಲ. ಮೋಡ, ಜಿಟಿಜಿಟಿ ಮಳೆ, ಥಂಡಿ. ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದ ಹಾಗೆ ಕಲೆ ಕಾಣಿಸಿತು. ಬೆಳಿಗ್ಗೆ ಎಲೆ ಮಗುಚಿ ನೋಡಿದರೆ ಕಲೆಯ ಸುತ್ತ ಬಿಳಿ ಬೂಷ್ಟು. ಅಪ್ಪ ಔಷಧಿ ಹೊಡೆದರು. ಹೊಡೆದದ್ದನ್ನೆಲ್ಲ ಮಳೆ ತೊಳೆಯಿತು. ಐದೇ ದಿನಕ್ಕೆ ಹೊಲಕ್ಕೆ ಹೊಲವೇ ಕಪ್ಪಾಯಿತು. ಆ ವಾಸನೆ ಈಗಲೂ ನೆನಪಿದೆ. ಕೊಳೆತ ಸೊಪ್ಪಿನ ವಾಸನೆ, ಬದುವಿನವರೆಗೂ ಬರುತ್ತಿತ್ತು. 1845ರಲ್ಲಿ ಐರ್ಲೆಂಡಿಗೆ ಬಂದು, ಮುಂದಿನ ವರ್ಷಗಳ ಬರಗಾಲದಲ್ಲಿ ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದದ್ದು ಇದೇ ರೋಗ ಅಂತ ಬಹಳ ವರ್ಷಗಳ ಮೇಲೆ ಓದಿದೆ. ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಬದುವಿನ ಮೇಲೆ ಮಾತಿಲ್ಲದೆ ನಿಂತಿದ್ದ ಅಪ್ಪ.

ಇನ್ನೆರಡು ವರ್ಷ ಪ್ರಯತ್ನ ಮಾಡಿ ಅಪ್ಪ ಮುಸುಕಿನ ಜೋಳಕ್ಕೆ ತಿರುಗಿದರು. ನಮ್ಮ ಸುತ್ತಲಿನ ಹೊಲಗಳಲ್ಲೂ ಜೋಳವೇ ಜಾಸ್ತಿಯಾಯಿತು. ಇಪ್ಪತ್ತು ವರ್ಷ ಅವರು ಉರುಳಗಡ್ಡೆ ಮುಟ್ಟಲಿಲ್ಲ.

ನನಗೆ ಆಸೆ ಹೋಗಿರಲಿಲ್ಲ. ಮೂರು ವರ್ಷದ ಹಿಂದೆ ಮಾರ್ಚ್‌ನಲ್ಲಿ, ಅಡುಗೆಮನೆಯಲ್ಲಿ ಮೊಳಕೆ ಬಂದಿದ್ದ ಆರು ಗಡ್ಡೆಗಳನ್ನು ಹಿತ್ತಿಲಲ್ಲಿ ಹೂತೆ. ಗಿಡ ಸೊಂಪಾಗಿ ಬಂತು. ಮೊಣಕಾಲೆತ್ತರ, ಹಸಿರು ತುಂಬಿ ತುಳುಕುತ್ತಿತ್ತು. ಮೂರು ತಿಂಗಳಾದ ಮೇಲೆ ಅಗೆದರೆ ಗೋಲಿ ಗಾತ್ರದ ನಾಲ್ಕು ಗಡ್ಡೆ. ಅಪ್ಪನಿಗೆ ಫೋನ್ ಮಾಡಿದೆ.

"ಬ್ಯಾಸಗೇಲಿ ಯಾರಾದ್ರೂ ಉರ್ಲಗಡ್ಡೆ ಹಾಕ್ತಾರಾ ಮಗಾ? ರಾತ್ರಿ ತಂಪಿರಬೇಕು ಅದಕ್ಕೆ" ಅಂದರು.

ಅಷ್ಟೇ ವಿಷಯ. ರಾತ್ರಿ 15ರಿಂದ 20 ಡಿಗ್ರಿಯೊಳಗೆ ಇದ್ದರೆ ಗಿಡ ತಾನು ಮಾಡಿದ ಆಹಾರವನ್ನು ಕೆಳಗೆ ಗಡ್ಡೆಗೆ ಕಳಿಸುತ್ತದೆ. ಸೆಕೆ ಜಾಸ್ತಿಯಾದರೆ ಎಲ್ಲ ಎಲೆಗೂ ಕಾಂಡಕ್ಕೂ ಹೋಗುತ್ತದೆ. ಹಾಸನ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅದಕ್ಕೇ ಅಲ್ಲಿ ಮುಂಗಾರಿನಲ್ಲೂ ಬೆಳೆಯುತ್ತಾರೆ. ಮೈಸೂರು ಅದಕ್ಕಿಂತ ತಗ್ಗು. ಇಲ್ಲಿ ಮನೆಯಲ್ಲಿ ಬೆಳೆಯುವವರಿಗೆ ನವೆಂಬರ್‌ನಲ್ಲಿ ಹಾಕುವುದೇ ಸರಿ. ಚಳಿಯೂ ಸಿಗುತ್ತದೆ, ಮಳೆಯ ಕಾಟವೂ ಕಡಿಮೆ.

ಆ ಫೋನ್ ಆದ ಮೇಲೆ ಅಪ್ಪ ತಾವೇ ಬಿತ್ತನೆಗೆ ನಿಂತರು. ಇನ್ನೂ ಉರುಳಗಡ್ಡೆ ಬೆಳೆಯುವ ಪಕ್ಕದ ಹೊಲದವರು ಸೆಪ್ಟೆಂಬರ್‌ನಲ್ಲಿ ಬೆಳೆ ಕಿತ್ತಾಗ, ಕೋಳಿಮೊಟ್ಟೆ ಗಾತ್ರದ ಒಂದೂವರೆ ಕೆಜಿ ಗಡ್ಡೆ ಆರಿಸಿ ತಂದರು. ಅದನ್ನು ಮಂಚದ ಕೆಳಗೆ ಮಂದ ಬೆಳಕಿನಲ್ಲಿ ಎರಡು ತಿಂಗಳು ಹರಡಿಟ್ಟರು. ಕಿತ್ತ ತಕ್ಷಣ ಗಡ್ಡೆ ಮೊಳೆಯುವುದಿಲ್ಲ, ಅದಕ್ಕೆ ಎರಡು ಮೂರು ತಿಂಗಳ ನಿದ್ದೆ ಬೇಕು. ಅಂಗಡಿ ಗಡ್ಡೆ ಕೆಲವು ಸಲ ಮೊಳೆಯುವುದೇ ಇಲ್ಲ ಅನ್ನುವುದಕ್ಕೆ ಇದೊಂದು ಕಾರಣ. ಕೋಲ್ಡ್ ಸ್ಟೋರೇಜ್‌ನಲ್ಲಿ ಮೊಳಕೆ ಬರದಂತೆ ಔಷಧಿ ಕೊಟ್ಟಿರುವುದು ಇನ್ನೊಂದು. "ಪಂಜಾಬಿನ ಬಿತ್ತನೇಲಿ ಬಂದ ಗಡ್ಡೆನ ಇನ್ನೊಂದು ಸಲ ಹಾಕ್ಬೋದು. ಅದರ ಮುಂದಕ್ಕೆ ಬ್ಯಾಡ" ಅಂತಲೂ ಹೇಳಿದರು. ಗಿಡಹೇನುಗಳು ಹರಡುವ ವೈರಸ್ ರೋಗ ಗಡ್ಡೆಯೊಳಗೇ ಉಳಿಯುತ್ತದೆ. ಬೆಳೆಯಿಂದ ಬೆಳೆಗೆ ಇಳುವರಿ ಇಳಿಯುತ್ತಾ ಹೋಗುತ್ತದೆ.

ನವೆಂಬರ್ ಎರಡನೇ ವಾರ ನಾಟಿ. ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮೂರು ಮಂಕರಿ ಹಾಕಿದ್ದೆ. ಹಸಿ ಸಗಣಿ ಹಾಕಲೇಬಾರದು, ಗಡ್ಡೆಯ ಮೈ ಕಜ್ಜಿ ಬಂದ ಹಾಗಾಗುತ್ತದೆ. ಹಿಂದಿನ ಬೆಳೆ ಹುರುಳಿಕಾಯಿ. ಟೊಮೆಟೊ, ಬದನೆ, ಮೆಣಸಿನಕಾಯಿ ಇದ್ದ ಜಾಗ ಬೇಡ. ಎಲ್ಲ ಒಂದೇ ಕುಟುಂಬದವು, ಇದರ ರೋಗ ಅದಕ್ಕೆ ಅಂಟುತ್ತದೆ. ಸಾಲಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದು ಗೇಣು, ನಾಲ್ಕು ಬೆರಳು ಆಳ. ಗಡ್ಡೆ ಕತ್ತರಿಸಲಿಲ್ಲ, ಇಡಿಯಾಗಿಯೇ ಇಟ್ಟೆ. ಜಾಗ ಚಿಕ್ಕದಿರುವಾಗ ಒಂದು ಹೋಳು ಕೊಳೆತರೂ ನಷ್ಟ ಅಲ್ವಾ?

ಹದಿನೆಂಟನೇ ದಿನ ಮೊದಲ ಮೊಳಕೆ ಮಣ್ಣು ಸೀಳಿಕೊಂಡು ಬಂತು. ಗಿಡ ಗೇಣುದ್ದ ಆದಾಗ ಮಣ್ಣು ಏರಿಸಿದೆ. ಹದಿನೈದು ದಿನ ಬಿಟ್ಟು ಮತ್ತೆ ಏರಿಸಿದೆ. ಉರುಳಗಡ್ಡೆ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಸಂಜೆ ಸ್ಕೂಲಿಂದ ಬಂದು, ಕೈಯಲ್ಲೇ ಮಣ್ಣು ಎಳೆದು ಬುಡಕ್ಕೆ ಒತ್ತುವುದು. ಗಡ್ಡೆ ಕಟ್ಟುವುದು ಬೇರಿನಲ್ಲಲ್ಲ. ಮಣ್ಣೊಳಗೆ ಕಾಂಡದಿಂದ ಹೊರಡುವ ಬಳ್ಳಿಯಂಥ ಕವಲಿನ ತುದಿಯಲ್ಲಿ. ಆ ಕವಲಿಗೆ ಸಡಿಲ ಮಣ್ಣು ಬೇಕು, ಕತ್ತಲೆ ಬೇಕು. ಬಿಸಿಲು ತಾಗಿದ ಗಡ್ಡೆ ಹಸಿರಾಗುತ್ತದೆ. ಅದರಲ್ಲಿ ಸೋಲನೈನ್ ಅನ್ನುವ ವಿಷ ಸೇರುತ್ತದೆ, ತಿನ್ನಬಾರದು. ಗಿಡದಲ್ಲಿ ಚಿಕ್ಕ ಟೊಮೆಟೊ ಥರ ಕಾಯಿ ಬಿಟ್ಟರೆ ಅದೂ ವಿಷವೇ. ಮಕ್ಕಳಿರುವ ಮನೆಯವರು ದಯವಿಟ್ಟು ಗಮನ ಇಡಿ.

ಡಿಸೆಂಬರ್‌ನಲ್ಲಿ ಮೂರು ದಿನ ಮೋಡ ಕವಿಯಿತು. ನನಗೆ ನಿದ್ದೆ ಬರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೇ ಟಾರ್ಚ್ ಹಿಡಿದು ಎಲೆ ಎಲೆ ಮಗುಚಿ ನೋಡಿದೆ. ಎರಡು ಗಿಡದ ಕೆಳಗಿನ ಎಲೆಗಳಲ್ಲಿ ಕಂದು ಕಲೆ. ಕೈಕಾಲು ತಣ್ಣಗಾಯಿತು. ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಅಪ್ಪ ಅವನ ಫೋನಿಂದಲೇ ಮಾತಾಡಿದರು.

"ದೊಡ್ಡದು ಮಾಡ್ಕೊಂಡು ನೋಡು. ಕಲೆ ಒಳಗೆ ಉಂಗುರ ಉಂಗುರ ಐತಾ?"

"ಐತೆ ಅಪ್ಪ."

"ಎಲೆ ಹಿಂದ್ಗಡೆ ಬಿಳಿ ಬೂಷ್ಟು?"

"ಇಲ್ಲ."

"ಹಂಗಾದ್ರೆ ಇದು ನಮ್ಮ ಹೊಲ ತಿಂದಿದ್ದಲ್ಲ ಕಣಮ್ಮ. ಆ ಎಲೆ ಕಿತ್ತಾಕು. ಗೊಬ್ಬರದ ಗುಂಡಿಗೆ ಹಾಕಬ್ಯಾಡ. ನೀರು ಬುಡಕ್ಕೆ ಬಿಡು, ಎಲೆ ಮ್ಯಾಲೆ ಹುಯ್ಬ್ಯಾಡ."

ಅದು ಬೇರೆಯದೇ ಎಲೆಚುಕ್ಕೆ. ಅದಕ್ಕೂ ಅಂಗಮಾರಿ ಅನ್ನುತ್ತಾರೆ, ಆದರೆ ಅದು ಮೆಲ್ಲಗೆ ಹರಡುತ್ತದೆ. ಏಳೆಂಟು ಎಲೆ ಕಿತ್ತೆ, ಅಲ್ಲಿಗೇ ನಿಂತಿತು. "ನಮ್ಮ ಹೊಲ ತಿಂದಿದ್ದು" ಅಂತ ಅಪ್ಪ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಜನವರಿ ಕೊನೆಗೆ ಎಲೆ ಹಳದಿಯಾಗಿ ಗಿಡ ಮಗ್ಗುಲಿಗೆ ಬಿತ್ತು. ಕೀಳುವ ಹತ್ತು ದಿನ ಮುಂಚೆ ನೀರು ನಿಲ್ಲಿಸಿದೆ, ಸಿಪ್ಪೆ ಗಟ್ಟಿಯಾಗಲಿ ಅಂತ. ಅಪ್ಪ ಹಾಸನದಿಂದ ರೈಲಿನಲ್ಲಿ ಬಂದರು. ಒಂದು ಗಡ್ಡೆ ತೆಗೆದು ಹೆಬ್ಬೆರಳಲ್ಲಿ ಉಜ್ಜಿದರು. ಸಿಪ್ಪೆ ಜಾರಲಿಲ್ಲ. "ಕೀಳ್ಬೋದು" ಅಂದರು. ಗುದ್ದಲಿಯನ್ನು ಗಿಡದಿಂದ ಒಂದಡಿ ದೂರಕ್ಕೆ ಹಾಕಿ ಮೀಟುವುದು, ಆಮೇಲೆ ಕೈಯಲ್ಲಿ ಕೆದಕುವುದು. ಮೊದಲ ಬುಡದಲ್ಲೇ ಆರು. ಆರನೇ ಕ್ಲಾಸಿನಲ್ಲಿರುವ ನನ್ನ ಮಗ ಪ್ರತಿ ಗಡ್ಡೆಗೂ ಕೂಗುತ್ತಿದ್ದ. ಅವತ್ತು ರಾತ್ರಿ ಅವರೆಕಾಳು, ಬದನೆಕಾಯಿ, ಉರುಳಗಡ್ಡೆ ಹಾಕಿದ ಸಾರು, ಮುದ್ದೆ. ಅಪ್ಪ ಎರಡನೇ ಮುದ್ದೆ ಹಾಕಿಸಿಕೊಂಡರು.

ನಮ್ಮೂರಲ್ಲಿ ಗಡ್ಡೆ ಕಿತ್ತ ಹೊಲಕ್ಕೆ ಒಂದು ಮಳೆ ಬಿದ್ದ ಮೇಲೆ ನಾವು ಮಕ್ಕಳೆಲ್ಲ ಹಕ್ಕಲು ಆಯಲು ಓಡುತ್ತಿದ್ದೆವು. ನೇಗಿಲಿಗೆ ಸಿಗದೆ ಉಳಿದ ಗಡ್ಡೆಗಳು ಮಳೆಗೆ ತೊಳೆದು ಮೇಲೆ ಕಾಣುತ್ತಿದ್ದವು. ಯಾರ ಹೊಲವಾದರೂ ಸರಿ, ಹಕ್ಕಲು ಆಯ್ದವರಿಗೇ ಸೇರಿದ್ದು.

ಮಾರನೇ ದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಮಡಿಗೆಲ್ಲ ಎರಡು ಬಿಂದಿಗೆ ನೀರು ಚೆಲ್ಲಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಣ್ಣು ಕೆದಕುತ್ತಿದ್ದರು. ಇನ್ನೂ ಏಳು ಗಡ್ಡೆ ಸಿಕ್ಕಿದವು. ಅದನ್ನು 11 ಕೆಜಿಗೆ ಸೇರಿಸಲು ಮಗ ಒಪ್ಪಲಿಲ್ಲ. ಬೇರೆ ಪಾತ್ರೆಯಲ್ಲಿ ಬೇಯಿಸಿ, ಉಪ್ಪು ಖಾರ ಹಾಕಿ ಅವನಿಗೂ ಅಪ್ಪನಿಗೂ ಕೊಟ್ಟೆ.