ಶಾಲು ಸಾಕು, ವೋಚರ್ ಬರೀರಿ

ಬಳ್ಳಾರಿ
2 ಆಗಸ್ಟ್ 2025, ಶನಿವಾರ, ರಾತ್ರಿ

ಇವತ್ತು ರಂಗನಟ ಬಳ್ಳಾರಿ ರಾಘವರು ಹುಟ್ಟಿದ ದಿನ. 1880ರವರು, ಲೆಕ್ಕಕ್ಕೆ 145 ತುಂಬಿತು. ನಾಟಕ ಇದೇ ದಿನ ಆಗಲಿ ಅಂತ ನಮ್ಮ ತಂಡದ ಅಧ್ಯಕ್ಷರು ಹಟ ಹಿಡಿದಿದ್ದರು. ಶ್ರಾವಣ ಶನಿವಾರ, ಊರಿಗೆ ಊರೇ ಹನುಮಪ್ಪನ ಗುಡಿ ಮುಂದೆ ಸಾಲು ನಿಂತಿರುತ್ತೆ ಅಂತ ನಾನು ಬಡಕೊಂಡೆ. ಖಜಾಂಚಿ ಮಾತು ಯಾರಿಗೆ ಬೇಕು? ಅಂತೂ ಶಾಲೆಯ ಹಾಲ್ ಮುಕ್ಕಾಲು ತುಂಬಿತು. ಗುಡಿ ಮುಗಿಸಿ, ಹಣೆಗೆ ಸಿಂಧೂರ ಇಟ್ಟುಕೊಂಡೇ ಬಂದವರು ಬಹಳ ಇದ್ದರು.

ಗೇಟಿನ ಹತ್ತಿರ ಟೇಬಲ್ ಹಾಕಿ ನಾನೇ ಕೂತೆ. ಗಲ್ಲಾಪೆಟ್ಟಿಗೆ ಅಂದರೆ ಪಂಚಮಿಗೆ ಉಂಡಿ ತುಂಬಿಟ್ಟಿದ್ದ ಸ್ಟೀಲ್ ಡಬ್ಬಿ. ನೋಟಿಗೆಲ್ಲ ಬೆಲ್ಲ, ಏಲಕ್ಕಿ ವಾಸನೆ. ಟಿಕೆಟ್ ₹100, ಮಕ್ಕಳಿಗೆ ಪುಕ್ಕಟೆ. ಇಷ್ಟು ವರ್ಷ ‘ಎಲ್ಲರಿಗೂ ಆದರದ ಸ್ವಾಗತ’ ಅಂತ ಕರಪತ್ರ ಹಂಚಿದ ತಂಡ ನಮ್ಮದು. ಈ ಸಲ ದುಡ್ಡು ಕೇಳಿದ್ದಕ್ಕೆ ಕೆಲವರ ಮುಖ ಹುಳ್ಳಗಾಯಿತು. ಕಾರಿಳಿದು ಬಂದ ಒಬ್ಬ ಯಜಮಾನರು, “ನಮಗೂ ಟಿಕೆಟ್ಟೇನಮ್ಮ? ಪಾಸ್ ಇಲ್ಲಾ?” ಅಂದರು. ಇಲ್ಲ ಸಾರ್ ಅಂದೆ. “ಇದಕ್ಕೂ ಜಿಎಸ್‌ಟಿ ಹಾಕೀರೇನು ಮತ್ತ?” ನಗುತ್ತಾ ಕೇಳಿದರೂ ಚುಚ್ಚು ಇತ್ತು. ₹500 ಮೀರದ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ ಸಾರ್ ಅಂತ ಪಾಠ ಒಪ್ಪಿಸಿದೆ. ಎರಡು ಟಿಕೆಟ್ ತಗೊಂಡರು. ಒಳಗೆ ಹೋಗಿ ಮುಂದಿನ ಸೋಫಾದಲ್ಲೇ ಕೂತರು ಅನ್ನಿ.

ಇದೇ ಊರಿನ ಜನ ಜಾತ್ರೆಗೆ ಕಂಪನಿ ನಾಟಕ ಬಂದರೆ ಚಕಾರ ಎತ್ತದೆ ಟಿಕೆಟ್ ತಗೋತಾರೆ. ರಂಗನಟಿ ಸುಭದ್ರಮ್ಮ ಮನ್ಸೂರರ ಹಾಡು ಕೇಳೋಕೆ ದುಡ್ಡು ಕೊಟ್ಟು ಕೂತವರ ಮಕ್ಕಳೇ ಇವರು. ‘ಹವ್ಯಾಸಿ ತಂಡ’ ಅಂದ ಕೂಡಲೇ ಮಾತ್ರ ಪುಕ್ಕಟೆ ಆಗಬೇಕು. ಸಂಘವನ್ನ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ್ದೇವೆ, ಲಾಭ ಹಂಚಿಕೊಳ್ಳೋ ಹಾಗಿಲ್ಲ, ಅದು ಸರಿ. ಖರ್ಚಿಗೆ ಅದ್ಯಾವ ಕಾಯ್ದೆ ಅಡ್ಡ ಬರುತ್ತೆ? ಲೈಟಿನವನ ಬಾಡಿಗೆ, ಜನರೇಟರ್ ಡೀಸೆಲ್, ಫ್ಲೆಕ್ಸ್, ಹಾಲ್ ಸ್ವಚ್ಛ ಮಾಡಿದ ಆಯಾಗೆ ಕೊಟ್ಟದ್ದು, ಎಲ್ಲಕ್ಕೂ ನನ್ನ ಹತ್ತಿರ ಬಿಲ್ ಇದೆ. ಬಣ್ಣ ಹಚ್ಚಿ ನಿಲ್ಲುವವನಿಗೆ ಮಾತ್ರ ಒಂದು ಶಾಲು, ಒಂದು ಹಾರ. ನಮ್ಮ ಹುಡುಗರ ಮನೆಗಳಲ್ಲಿ ಶಾಲು ಎಷ್ಟಾಗಿವೆ ಅಂದರೆ ಒಬ್ಬನ ತಾಯಿ ಅವನ್ನ ಸೇರಿಸಿ ಕೌದಿ ಹೊಲಿದಿದ್ದಾಳೆ.

ದೇಣಿಗೆ ಕೇಳ್ರಿ ಅಂತಾರೆ. ಕೇಳಿದ್ದೇವೆ. ಹೋದ ತಿಂಗಳು ಒಬ್ಬ ಬಟ್ಟೆ ವ್ಯಾಪಾರಿ, “80ಜಿ ಇದೆಯಲ್ಲ, ₹5,000 ಬರಕೊಳ್ಳಿ” ಅಂತ ನಗದು ಎಣಿಸತೊಡಗಿದರು. 80ಜಿ ಅಂದರೆ ದೇಣಿಗೆ ಕೊಟ್ಟವರಿಗೆ ಸಿಗೋ ಆದಾಯ ತೆರಿಗೆ ವಿನಾಯಿತಿ. ₹2,000ಕ್ಕಿಂತ ಹೆಚ್ಚಿಗೆ ನಗದು ಕೊಟ್ಟರೆ ವಿನಾಯಿತಿ ಸಿಗಲ್ಲ, ಚೆಕ್ ಕೊಡಿ ಅಂದೆ. ಅಷ್ಟರಲ್ಲಿ ಅವರ ಮಗ ಒಳಗಿಂದ, “ಅಪ್ಪಾ, ನಾವು ಹೊಸ ತೆರಿಗೆ ಪದ್ಧತಿಯಾಗ ಅದೀವಿ, ಅದರಾಗ 80ಜಿ ಬರಂಗಿಲ್ಲ” ಅಂದ. ನೋಟು ವಾಪಸ್ ಡ್ರಾಯರಿಗೆ. ಚಹಾ ಮಾತ್ರ ಚೆನ್ನಾಗಿತ್ತು.

ನಾಟಕ ನಾವೇ ಕಟ್ಟಿದ್ದು, ನಲ್ಲಿ ನೀರು ಕಾಯುವ ಒಂದು ಓಣಿಯ ಕಥೆ. ಅದರ ಬಗ್ಗೆ ಬೇರೆ ದಿನ ಬರೀತೀನಿ. ಹೇಳಬೇಕಾದ್ದು ಗೌಡನ ಪಾತ್ರದ ಹುಡುಗನ ವಿಷಯ. ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ ಕೆಲಸ. ಪಾಳಿ ಮುಗಿಸಿ ಸೀದಾ ಬಂದಿದ್ದ, ಒಗ್ಗಾಣಿ ಮಿರ್ಚಿ ಪೊಟ್ಟಣ ಕೈಯಲ್ಲೇ ಇತ್ತು. ಕೈ ತೊಳಕೊಂಡು ಬಾರೋ ಅಂದರೆ, “ತೊಳದೇ ಬಂದೀನಿ ಅಕ್ಕಾ” ಅಂತ ತೋರಿಸಿದ. ಉಗುರಿನ ಸಂದಿ, ಬೆರಳಿನ ಗೆರೆ, ಎಲ್ಲಾ ನೀಲಿ. ಸೋಪಿಗೆ ಬಗ್ಗಲ್ಲ ಅದು. ಬಣ್ಣ ಹಚ್ಚುವಾಕೆ ಮುಖಕ್ಕೆ ಹಚ್ಚಿ ಮಿಕ್ಕ ಮೇಕಪ್ಪಿನ ಪ್ಯಾನ್‌ಕೇಕನ್ನ ಸ್ಪಂಜಿನಿಂದ ಅವನ ಹತ್ತೂ ಬೆರಳಿಗೆ ತಿಕ್ಕಿದಳು. ಎರಡನೇ ದೃಶ್ಯಕ್ಕೆ ಬೆವರಿಗೆ ಅದೂ ಇಳಿದು, ಗೌಡ ಮೀಸೆ ತಿರುವುವಾಗ ನೀಲಿ ಬೆರಳು ಲೈಟಿಗೆ ಎದ್ದು ಕಂಡವು. ಸೋಫಾದವರು ನೋಡಿದರೋ ಇಲ್ಲವೋ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವನ ಯೂನಿಟ್ಟಿನ ಹುಡುಗರು ಕಂಡುಹಿಡಿದು ಶಿಳ್ಳೆ ಹೊಡೆದರು. ಅವರೂ ಪೂರ್ತಿ ₹100 ಕೊಟ್ಟವರೇ. ತಾಲೀಮಿಗೆ ಅಂತ ಈ ಹುಡುಗ ಬಿಟ್ಟ ಓವರ್‌ಟೈಮಿನ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ನಾಟಕ ಮುಗಿದ ಮೇಲೆ ಗ್ರೀನ್ ರೂಮಿನಲ್ಲಿ ಜಗಳ. ಪ್ರತಿ ಕಲಾವಿದರಿಗೂ ₹500 ಗೌರವಧನ ಕೊಟ್ಟದ್ದಕ್ಕೆ ವೋಚರ್ ಬರೆದು ಸಹಿ ಹಾಕಿಸ್ತಿದ್ದೆ. ಅಧ್ಯಕ್ಷರಿಗೆ ಸಿಟ್ಟು ಬಂತು. “ನೋಡಮ್ಮ, ರಾಘವರ ಊರಿದು. ಅವರು ನಾಟಕ ಆಡಿ ಹೊಟ್ಟೆ ಹೊರಕೊಂಡವರಲ್ಲ. ಇದು ಕಲಾಸೇವೆ.”

ರಾಘವರು ವಕೀಲರು ಸಾರ್, ಅಂದೆ. ಅವರನ್ನ ರಂಗಕ್ಕೆ ತಂದ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರೂ ವಕೀಲರು. ಇದೇ ಊರಲ್ಲಿ ಇನ್ನೊಂದು ಸಭಾ ಕಟ್ಟಿಕೊಂಡು ನಾಟಕ ಬರೆದ ಕೋಲಾಚಲಂ ಶ್ರೀನಿವಾಸರಾಯರೂ ಅಷ್ಟೇ. ಹಗಲು ಕೋರ್ಟು, ರಾತ್ರಿ ರಂಗ. ಕಕ್ಷಿದಾರರ ಫೀಸು ಮನೆ ನಡೆಸುತ್ತಿತ್ತು. ರಾಘವರು ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನ ಕಂಡು ಬಂದರು. ನಮ್ಮ ಗೌಡ ನಾಳೆ ಬೆಳಿಗ್ಗೆ ಪಾಳಿಗೆ ಹೋಗದಿದ್ದರೆ ಕೂಲಿ ಕಟ್. ಇಬ್ಬರಿಗೂ ಒಂದೇ ನಿಯಮ ಹೇಗೆ ಸಾರ್? ರಾಘವರ ಮೇಲೆ ನನಗೇನು ಕಡಿಮೆ ಗೌರವ ಇಲ್ಲ. ಕುಲೀನ ಮನೆಯ ಹೆಣ್ಣುಮಕ್ಕಳು ರಂಗಕ್ಕೆ ಬರಲಿ ಅಂತ ಆ ಕಾಲದಲ್ಲೇ ದನಿ ಎತ್ತಿದವರು. ನಾನು ಈ ಡಬ್ಬಿ ಹಿಡಕೊಂಡು ಇಲ್ಲಿ ನಿಂತಿರೋದಕ್ಕೂ ಅದಕ್ಕೂ ಸಂಬಂಧ ಇದ್ದೇ ಇದೆ. ಆದರೆ ಅವರ ಹೆಸರು ಹೇಳಿ ಹುಡುಗರ ಬಸ್ ಚಾರ್ಜು ಉಳಿಸೋದು ಯಾವ ಸೇವೆ?

“ದುಡ್ಡು ಕೊಟ್ಟರ ನಾಳೆ ದುಡ್ಡಿಗೇ ಬರ್ತಾರ” ಅಂದರು ಅಧ್ಯಕ್ಷರು. ಬರಲಿ ಬಿಡಿ, ಹೊತ್ತಿಗೆ ಸರಿಯಾಗಿ ತಾಲೀಮಿಗಾದರೂ ಬರ್ತಾರಲ್ಲ ಅಂದೆ. ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಗೌಡ ಮಾತ್ರ ಗಂಭೀರವಾಗಿ, “ಅಕ್ಕಾ, ರೊಕ್ಕ ಆಮ್ಯಾಲ ಆದರೂ ನಡೀತೈತಿ, ಸರ್‌ಗೆ ಬ್ಯಾಸರ ಆಗಾದು ಬ್ಯಾಡ” ಅಂದ. ಈ ದಾಕ್ಷಿಣ್ಯದ ಮೇಲೇ ನಮ್ಮಂಥ ತಂಡಗಳು ನಡೀತಿರೋದು. ಸಹಿ ಹಾಕೋ, ಆಮೇಲೆ ಮಾತಾಡು ಅಂತ ಗದರಿದೆ. ಹಾಕಿದ. ವೋಚರಿನ ಮೂಲೆಯಲ್ಲಿ ಪ್ಯಾನ್‌ಕೇಕಿನ ಹೆಬ್ಬೆಟ್ಟು ಬಿದ್ದಿದೆ, ಆಡಿಟರ್ ಏನು ಅಂತಾರೋ.

ಟಿಕೆಟ್ ದುಡ್ಡಿನಲ್ಲಿ ಗೌರವಧನ, ಲೈಟು, ಡೀಸೆಲ್ ಹೊಂದಿಕೊಂಡವು. ಫ್ಲೆಕ್ಸಿನವನ ಬಾಕಿ ಇದೆ, ಅವನಿಗೆ ಸೋಮವಾರ ಅಂದಿದ್ದೇನೆ. ವೋಚರಿಗೆ ಅಧ್ಯಕ್ಷರ ಸಹಿ ಇನ್ನೂ ಬಿದ್ದಿಲ್ಲ. “ಕಮಿಟಿ ಮುಂದೆ ಇಡು, ನೋಡೋಣ” ಅಂದು ಸ್ಕೂಟರ್ ಹತ್ತಿದರು. ಮುಂದಿನ ಭಾನುವಾರ ಮೀಟಿಂಗ್. ಸನ್ಮಾನದ ಶಾಲು, ಹಾರದ ಬಿಲ್ಲನ್ನೂ ಅದೇ ಫೈಲಿಗೆ ಸೇರಿಸಿದ್ದೇನೆ. ಅದಕ್ಕೆ ಮಾತ್ರ ಅವರು ಮೊನ್ನೆಯೇ ಸಹಿ ಹಾಕಿಯಾಗಿದೆ.